ಮಂಗಳವಾರದ ಐದು ಬಾಗಿಲು

ಹಾರೂಗೇರಿ

ಹೊರದೇಶಕ್ಕೆ ಹೋಗಿಬಂದವರನ್ನು ನಮ್ಮ ಜನ ಮೊದಲು ಕೇಳುವುದು ಊಟದ ಬಗ್ಗೆ, ಆಮೇಲೆ ಚಳಿಯ ಬಗ್ಗೆ. ನನ್ನನ್ನು ಕೇಳಿದ್ದು ಬೇರೆಯೇ. ಬಸ್ ಸ್ಟ್ಯಾಂಡಿನ ಚಹಾದಂಗಡಿಯವನು ಲೋಟ ಕೈಗೆ ಕೊಡುವ ಮೊದಲೇ, "ವಿಮಾನದಾಗ ನಿನ್ನ ಎಲ್ಲಿ ಕುಂದ್ರಿಸಿದ್ರಬೇ, ಗಂಡಸರ ಕಡೇನೋ ಹೆಂಗಸರ ಕಡೇನೋ?" ಎಂದ. ಸುತ್ತ ನಿಂತವರು ಕಿಸಕ್ಕನೆ ನಕ್ಕರು. "ಕಿಡಕಿ ಕಡೆ," ಎಂದೆ. ಚಹಾ ಕುಡಿಯದೆ ಎದ್ದುಬಂದೆ. ಈ ಬರಹ ಆ ಸಿಟ್ಟು ಇಳಿಯುವ ಮೊದಲೇ ಬರೆದದ್ದು. ಸಿಹಿಯಾಗಿರಬೇಕೆಂದು ಯಾರೂ ನಿರೀಕ್ಷಿಸಬೇಡಿ.

ನನ್ನ ಹೆಸರು ಕಸ್ತೂರಿ. ದಿಗ್ಗೇವಾಡಿಯಲ್ಲಿ ಆಡು ಸಾಕುವವರ ಮನೆಯಲ್ಲಿ ಗಂಡುಮಗುವೆಂದು ಪೇಡೆ ಹಂಚಿಸಿಕೊಂಡು ಹುಟ್ಟಿದವಳು. ಆ ಲೆಕ್ಕ ತಪ್ಪಿದೆಯೆಂದು ಎಲ್ಲರಿಗಿಂತ ಮೊದಲು ತಿಳಿದದ್ದು ನನಗೇ. ಹದಿನಾರಕ್ಕೆ ಮನೆಯವರು ಯಲ್ಲವ್ವನ ಹೆಸರಿನಲ್ಲಿ ನನಗೆ ಮುತ್ತು ಕಟ್ಟಿಸಿ, ಸೀರೆ ಉಡಿಸಿ, ಹಾರೂಗೇರಿಯ ಒಬ್ಬ ಹಿರಿಯ ಜೋಗತಿಯ ಕೈಗೆ ಒಪ್ಪಿಸಿದರು. ಮನೆಯಿಂದ ಹೊರಗೆ ಹಾಕಿದ್ದಕ್ಕೆ ಅತ್ತೆ, ಸೀರೆ ಉಡಿಸಿದ್ದಕ್ಕೆ ಕುಣಿದಾಡಿದೆ. ಎರಡನ್ನೂ ಒಂದೇ ದಿನ ಮಾಡಿದೆ.

ಗುರು ನನಗೆ ಚೌಡಕಿ ಕಲಿಸಿದಳು. ಕಂಕುಳಲ್ಲಿ ಇರುಕಿಕೊಂಡು ಒಂದೇ ತಂತಿಯನ್ನು ಮೀಟಿ ಹಾಡುವ ವಾದ್ಯ ಅದು. ಚೌಡಕಿಯ ಜೊತೆ ಒಂದು ನೇಮವನ್ನೂ ಕಲಿಸಿದಳು. ಪ್ರತಿ ಮಂಗಳವಾರ ಪಡ್ಲಿಗಿ, ಅಂದರೆ ತಾಯಿಯ ಹೆಸರಿನ ಬಿದಿರ ಬುಟ್ಟಿ ಹಿಡಿದು, ಐದು ಬಾಗಿಲಿಗೆ ಜೋಗಕ್ಕೆ ಹೋಗಬೇಕು. ಬಾಗಿಲಲ್ಲಿ ನಿಂತ ಮೇಲೆ ಆ ಮನೆಯವರು ಏನಾದರೂ ಹಾಕಬೇಕು, ಇಲ್ಲವೇ ಬಾಯಿಬಿಟ್ಟು "ಮುಂದಕ್ಕ ಹೋಗವ್ವಾ" ಎನ್ನಬೇಕು. ಎರಡರಲ್ಲಿ ಒಂದಾಗುವ ತನಕ ಕದಲುವಂತಿಲ್ಲ, ಹೊಸ್ತಿಲು ದಾಟುವಂತಿಲ್ಲ. ಎರಡೂ ಆಗದೆ ಜೋಗತಿ ತಾನಾಗಿ ತಿರುಗಿ ಹೋದರೆ ಆ ಮನೆಗೆ ಕೇಡೆಂದು ಜನರ ನಂಬಿಕೆ. ಐದು ಬಾಗಿಲು ಮುಗಿಯದೆ ಒಲೆ ಹಚ್ಚುವಂತಿಲ್ಲ, ಬಾಯಿಗೆ ತುತ್ತು ಇಡುವಂತಿಲ್ಲ. ಇಪ್ಪತ್ತೆರಡು ವರ್ಷ ಈ ನೇಮ ತಪ್ಪಿಸಿಲ್ಲ. ಜ್ವರ ಬಂದಾಗಲೂ ಹೋಗಿದ್ದೇನೆ, ಗುರು ತೀರಿಕೊಂಡ ವಾರವೂ ಹೋಗಿದ್ದೇನೆ.

ನಿಪ್ಪಾಣಿ

ಕಾಗವಾಡದ ಹತ್ತಿರ ಹೊಲದ ಗುಡಿಯೊಂದರ ಮುಂದೆ ನಾನು ಹಾಡುವುದನ್ನು ಕೇಳಿದ ಯೂಟಾ ಎಂಬ ಜರ್ಮನ್ ಹೆಂಗಸು ಬರ್ಲಿನ್ನಿಗೆ ಬರಲು ಕರೆದಳು. ಅವಳ ಮಾತನ್ನು ನನಗೆ ತಿಳಿಸಿದ್ದು ಪ್ರಾಜಕ್ತಾ, ನಿಪ್ಪಾಣಿಯ ಹುಡುಗಿ, ಬರ್ಲಿನ್ನಿನಲ್ಲೇ ಓದುತ್ತಿರುವವಳು. ದೊಡ್ಡ ಸಭಾಂಗಣಗಳು ಒಳಗೆ ಬಿಡದ ನಮ್ಮಂಥವರು ಅಲ್ಲಿ ನೆಲಮಾಳಿಗೆಗಳಲ್ಲಿ ತಾವೇ ಆಟ ಕಟ್ಟುತ್ತಾರಂತೆ, ಅದನ್ನು ಅಂಡರ್‌ಗ್ರೌಂಡ್ ಕಲೆ ಎನ್ನುತ್ತಾರಂತೆ. "ನಮ್ಮ ಕಡೆ ನೆಲದ ಕೆಳಗ ಗಟಾರ ಒಂದ ಐತಿ ನೋಡವ್ವಾ," ಎಂದೆ. "ಅಲ್ಲಿ ಮಸ್ತ್ ಇರತೈತಿ ಮಾವಶಿ, ನೀವು ಬರ್ರಿ," ಎಂದಳು.

ಪಾಸ್‌ಪೋರ್ಟಿನ ಫೋಟೋಕ್ಕೆಂದು ನಿಪ್ಪಾಣಿಗೆ ಹೋದೆ. ಸ್ಟುಡಿಯೋದವನು ಬೆಳಕು ಸರಿಮಾಡಿ, ಕುರ್ಚಿ ಸರಿಮಾಡಿ, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತ. "ಗಂಡಸರ ಫೋಟೋ ತಗೀಲ್ಯೋ, ಹೆಂಗಸರ ಫೋಟೋ ತಗೀಲ್ಯೋ?"

"ನನ್ನ ಫೋಟೋ ತಗೀರಿ."

"ಹಂಗಲ್ರಿ, ಕುಂಕುಮ ಬಳಿ ಎಲ್ಲಾ ತಗದ್ರ ಆಫೀಸಿನ್ಯಾಗ ತ್ರಾಸ ಆಗೂದಿಲ್ಲ."

ನಾನು ತೆಗೆಯಲಿಲ್ಲ. ಅರ್ಜಿ ಎರಡು ಸಲ ಹಿಂದಕ್ಕೆ ಬಂತು. ಮೂರನೆಯ ಸಲ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಓಡಾಡಿಸಿದರು. ಪ್ರತಿ ಟೇಬಲ್ಲಿನವನೂ ಕಾಗದ ನೋಡುವ ಬದಲು ನನ್ನ ಎದೆ ನೋಡಿದ. ಅವರ ಹೆಸರು ಬರೆಯುವ ಆಸೆ ಇದೆ, ಆದರೆ ಬರೆಯುವುದಿಲ್ಲ. ಕೊನೆಗೆ ಕುಂಕುಮವೂ ಬಳೆಯೂ ಇರುವ ಫೋಟೋದ ಪಾಸ್‌ಪೋರ್ಟೇ ಬಂತು.

ಶ್ರುತಿ ಹಿಡಿಯಲು ಬಾಳಪ್ಪನನ್ನು ಜೊತೆಗೆ ಕರೆದುಕೊಂಡೆ. ಅವನು ನಮ್ಮೂರಿನವನು, ಎರಡು ಎಮ್ಮೆ, ಅಷ್ಟಿಷ್ಟು ಕಬ್ಬಿನ ಹೊಲ. ಹದಿನೈದು ವರ್ಷದಿಂದ ನನ್ನ ಹಾಡಿಗೆ ದನಿ ಕೂಡಿಸುತ್ತಾನೆ. ಅದಕ್ಕಾಗಿ ಅವನ ಬೀಗರು ಅವನನ್ನು ಆಡಿಕೊಳ್ಳುತ್ತಾರೆ, ಅವನು ಬೀಗರನ್ನು ಆಡಿಕೊಳ್ಳುತ್ತಾನೆ.

ರಾಯಬಾಗದಲ್ಲಿ ರೈಲು ಹತ್ತುವಾಗ ನನ್ನ ಒಡಹುಟ್ಟಿದ ತಮ್ಮ ಅದೇ ಪ್ಲಾಟ್‌ಫಾರ್ಮಿನಲ್ಲಿದ್ದ. ನನ್ನನ್ನು ಕಂಡ. ಹೆಗಲ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಟೈಮ್ ಟೇಬಲ್ಲಿನ ಬೋರ್ಡು ಓದುತ್ತ ನಿಂತ. ರೈಲು ಹೊರಡುವ ತನಕ ಓದುತ್ತಲೇ ಇದ್ದ. ಅಷ್ಟು ಉದ್ದದ ಟೈಮ್ ಟೇಬಲ್ ರಾಯಬಾಗದಲ್ಲಿ ಇಲ್ಲ.

ಬರ್ಲಿನ್, ಮೊದಲ ದಿನ

ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಭಂಡಾರದ, ಅಂದರೆ ಯಲ್ಲವ್ವನ ಅರಿಸಿನದ ಡಬ್ಬಿ ನಮ್ಮನ್ನು ಸಿಕ್ಕಿಸಿತು. ಹಳದಿ ಪುಡಿ ಕಂಡ ಅಧಿಕಾರಿ ಕೈಗವಸು ಹಾಕಿಕೊಂಡು ಡಬ್ಬಿ ತೆರೆದ, ಮೂಸಿದ, ನಾಲ್ಕು ಸಲ ಸೀನಿದ. ಬಾಳಪ್ಪ ಮುಂದೆ ಬಂದು ಒಂದು ಚಿಟಿಕೆ ತೆಗೆದು ತನ್ನ ಹಣೆಗೆ ಹಚ್ಚಿಕೊಂಡ. ಆಮೇಲೆ ಕೈ ಚಾಚಿ ಅಧಿಕಾರಿಯ ಹಣೆಗೂ ಹಚ್ಚಲು ಹೋದ. ಇಬ್ಬರು ಓಡಿಬಂದು ಅವನ ಕೈ ಹಿಡಿದರು. ಪ್ರಾಜಕ್ತಾ ಫೋನಿನಲ್ಲಿ ವಿವರಿಸಿದ ಮೇಲೆ ಬಿಟ್ಟರು. ಅಧಿಕಾರಿಯ ಮೂಗಿನ ತುದಿಯ ಹಳದಿ ಹಾಗೇ ಉಳಿದಿತ್ತು, ನಾವು ಹೇಳಲಿಲ್ಲ.

ಒಂದು ಹಳೆಯ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ನಮ್ಮ ವಸತಿ. ಅದೇ ಕಟ್ಟಡದ ತಳದಲ್ಲಿ, ಹಿಂದೆ ಇದ್ದಿಲು ತುಂಬಿಡುತ್ತಿದ್ದ ನೆಲಮಾಳಿಗೆಯಲ್ಲಿ ಆಟ. ಗೋಡೆಗಳು ಇನ್ನೂ ಕಪ್ಪು, ಒರಗಿದರೆ ಸೀರೆಗೆ ಮಸಿ. ಅಲ್ಲಿ ಮಿಲಾ ಸಿಕ್ಕಳು. ಎತ್ತರದ ಹೆಂಗಸು, ಅಗಲ ಭುಜ, ದಪ್ಪ ದನಿ, ನನ್ನ ಹಾಗೆಯೇ ಗಂಡೆಂದು ಬರೆಸಿಕೊಂಡು ಹುಟ್ಟಿದವಳು. ವಾರವೆಲ್ಲ ತರಕಾರಿ ಮಾರ್ಕೆಟ್ಟಿನಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಾಳೆ, ಶನಿವಾರ ಈ ಮಸಿಗೋಡೆಯ ನಡುವೆ ಹಾಡುತ್ತಾಳೆ. ಹುಟ್ಟಿದ ಊರಿಗೆ ಹೋಗಿ ಎಂಟು ವರ್ಷವಾಯಿತಂತೆ. ಅಮ್ಮ ಫೋನು ಮಾಡುತ್ತಾಳೆ, ಆದರೆ ಅಪ್ಪ ಹೊರಗೆ ಹೋದಾಗ ಮಾತ್ರ. ಪ್ರಾಜಕ್ತಾಳ ಬಾಯಿಂದ ನಾನು ರಾಯಬಾಗದ ತಮ್ಮನ ಕತೆ ಹೇಳಿಸಿದೆ. ಟೈಮ್ ಟೇಬಲ್ಲಿನ ಮಾತಿಗೆ ಅವಳು ಬಿದ್ದು ಬಿದ್ದು ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಇಷ್ಟು ದೂರ ಹಾರಿ ಬಂದರೂ ಇದೇ ಗೋಳು. ಇವರ ರಸ್ತೆ ಸ್ವಚ್ಛ, ನೀರು ಸ್ವಚ್ಛ, ಬಸ್ಸು ಹೇಳಿದ ಹೊತ್ತಿಗೆ ಬರುತ್ತದೆ. ಮಗಳಿಗೆ ಕದ್ದು ಫೋನು ಮಾಡುವ ತಾಯಿ ಮಾತ್ರ ನಮ್ಮೂರಿನವಳಂತೆಯೇ.

ಮಂಗಳವಾರ

ಎಲ್ಲಿದ್ದರೂ ಮಂಗಳವಾರ ಮಂಗಳವಾರವೇ. ಬೆಳಿಗ್ಗೆ ಮಿಂದು, ಪಡ್ಲಿಗಿ ಹಿಡಿದು, ಬಾಳಪ್ಪನೊಂದಿಗೆ ಮೆಟ್ಟಿಲಿಳಿದೆ. "ಇಲ್ಲಿ ಯಾರಿಗೂ ಗೊತ್ತಿಲ್ಲ ಮಾವಶಿ, ಪೊಲೀಸರನ್ನ ಕರೀತಾರ," ಎಂದಳು ಪ್ರಾಜಕ್ತಾ. "ಕರೀಲಿ, ಅವರ ಬಾಗಲಕ್ಕೂ ನಿಂದರತೀನಿ," ಎಂದೆ. ಯೂಟಾ ಸುದ್ದಿ ಕೇಳಿ ಹಿಂದೆಯೇ ಬಂದಳು, ಕೈಯಲ್ಲಿ ಕ್ಯಾಮೆರಾ. ನೆನಪಿಗೆ ಎಂದಳು. ನೆನಪಿಗೆ ತಾನೇ ಎಂದು ಸುಮ್ಮನಾದೆ. ನನ್ನ ತಪ್ಪು ಅಲ್ಲಿಂದ ಶುರು.

ಮೊದಲ ಬಾಗಿಲಲ್ಲಿ "ಉಧೋ" ಎಂದ ಕೂಡಲೇ ಚಡ್ಡಿಯ ಯುವಕನೊಬ್ಬ ಬಂದ. ನಮ್ಮನ್ನು ನೋಡಿ ಒಳಗೋಡಿ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಂದು ಬಾಳಪ್ಪನ ಕೈಗಿಟ್ಟು ಬಾಗಿಲು ಹಾಕಿಕೊಂಡ. ಅಲ್ಲಿ ಪಾರ್ಸಲ್ ಬಂದಾಗ ಮನೆಯಲ್ಲಿ ಯಾರೂ ಇಲ್ಲದಿದ್ದರೆ ನೆರೆಯವರ ಕೈಗೆ ಕೊಟ್ಟು ಹೋಗುತ್ತಾರಂತೆ. ನಾವು ಅದನ್ನು ಒಯ್ಯಲು ಬಂದವರೆಂದು ತಿಳಿದಿದ್ದ. "ಅಕ್ಕಾ, ಇದು ಜೋಗಕ್ಕ ಬರತೈತೇನ?" ಎಂದ ಬಾಳಪ್ಪ. ಕೊಟ್ಟದ್ದು ಕೊಟ್ಟದ್ದೇ ಎಂದೆ. ಎರಡನೆಯ ಬಾಗಿಲಲ್ಲಿ ನಾಯಿ ಹಿಡಿದ ಹೆಂಗಸು ಏನೋ ಗಡಸಾಗಿ ಹೇಳಿ ಕೈ ಬೀಸಿದಳು. ಅದು ಜರ್ಮನ್ನಿನ "ಮುಂದಕ್ಕ ಹೋಗವ್ವಾ" ಎಂದು ಬಾಳಪ್ಪ ತೀರ್ಪು ಕೊಟ್ಟ.

ಮೂರನೆಯ ಬಾಗಿಲು ತೆರೆದದ್ದು ಒಬ್ಬ ಅಜ್ಜಿ. ಎಂಬತ್ತು ದಾಟಿರಬೇಕು, ಮೇಲೊಂದು ಮನೆಯಲ್ಲಿ ತೊಡುವ ಉದ್ದ ಕೋಟು, ಕಾಲಲ್ಲಿ ಉಣ್ಣೆಯ ಚಪ್ಪಲಿ. ನನ್ನ ಮುಖ ನೋಡಿದಳು, ಬುಟ್ಟಿ ನೋಡಿದಳು, ಬರಿಗಾಲು ನೋಡಿದಳು. ಕಾಲು ನೋಡಿ "ಅಯ್ಯಯ್ಯೋ" ಎಂಬಂಥ ದನಿ ತೆಗೆದು, ನನ್ನ ಮೊಣಕೈ ಹಿಡಿದು ಒಳಕ್ಕೆ ಎಳೆದಳು. ಒಳಗೆ ಮೇಜಿನ ಮೇಲೆ ಬ್ರೆಡ್ಡು, ಬೆಣ್ಣೆ, ಹೊಗೆಯಾಡುವ ಕಾಫಿ. ಕುರ್ಚಿ ತೋರಿಸಿದಳು. ನಮ್ಮೂರಲ್ಲಿ ಇಪ್ಪತ್ತೆರಡು ವರ್ಷದಿಂದ ಜೋಳ ಹಾಕುವ ಮನೆಗಳಿವೆ. ನನ್ನಿಂದ ಕೂಸಿನ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಾರೆ. ಕುಂದ್ರು ಎಂದು ಒಬ್ಬರೂ ಅಂದಿಲ್ಲ. ಇಲ್ಲಿ ಮೊದಲ ಸಲ ಒಬ್ಬರು ಅಂದರು, ನಾನು ಹೊಸ್ತಿಲಲ್ಲೇ ನಿಂತೆ. ನೇಮ ನನ್ನ ಕಾಲು ಹಿಡಿದಿತ್ತು. ಅಜ್ಜಿ ಮತ್ತೆ ಎಳೆದಳು, ನಾನು ಮತ್ತೆ ತಲೆಯಾಡಿಸಿದೆ. ಕೊನೆಗೆ ಅವಳು ಅಡಿಗೆಮನೆಗೆ ಹೋಗಿ ಒಂದು ಬಟ್ಟಲು ಗೋಧಿಹಿಟ್ಟು ತಂದು ಬುಟ್ಟಿಗೆ ಸುರಿದಳು. ಯಾರೂ ಹೇಳಿಕೊಡದೆ ಅದು ಹೇಗೆ ಹೊಳೆಯಿತೋ ಆ ತಾಯಿಗೆ! ಅವಳ ಹಣೆಗೆ ಭಂಡಾರ ಹಚ್ಚಿದೆ. ಇಬ್ಬರೂ ಅತ್ತೆವು. ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಯೂಟಾಳ ಕ್ಯಾಮೆರಾ ನಡೆದೇ ಇತ್ತು.

ನಾಲ್ಕನೆಯ ಬಾಗಿಲಲ್ಲಿ ಎರಡು ಸೇಬು, ಐದನೆಯದರಲ್ಲಿ ಪಾಸ್ತಾದ ಪೊಟ್ಟಣ. ಹನ್ನೊಂದಕ್ಕೆ ಒಲೆ ಹಚ್ಚಿದೆ. ಪಾರ್ಸಲ್ಲಿನ ನಿಜವಾದ ಧಣಿಯನ್ನು ಹುಡುಕಿ ತಲುಪಿಸುವ ಹೊತ್ತಿಗೆ ಬಾಳಪ್ಪನಿಗೆ ಕಟ್ಟಡದ ಅರ್ಧ ಜನ ಪರಿಚಯವಾಗಿದ್ದರು.

ನೆಲಮಾಳಿಗೆ

ಶನಿವಾರ ಮಧ್ಯಾಹ್ನ ಮೂರಕ್ಕೆ ಆಟ. ಮಿಲಾ ಮತ್ತು ನಾನು ಒಂದೇ ಕನ್ನಡಿಯಲ್ಲಿ ಕಾಡಿಗೆ ಹಚ್ಚಿಕೊಂಡೆವು. ಅವಳು ಮೊದಲು ಹಾಡಿದಳು, ಆಮೇಲೆ ನನ್ನ ಸರದಿ. ಚೌಡಕಿ ಮೀಟಿ ಮೊದಲ ಸಾಲು ಎತ್ತಿದೆ. ಜನರ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದಿತ್ತು. ತಿರುಗಿ ನೋಡಿದೆ. ಗೋಡೆಯ ತುಂಬ ನನ್ನ ಮಂಗಳವಾರ. ಚಡ್ಡಿಯ ಯುವಕ, ನಾಯಿಯ ಹೆಂಗಸು, ಆಮೇಲೆ ಆಳೆತ್ತರಕ್ಕೆ ಅಜ್ಜಿಯ ಅಳುವ ಮುಖ.

ಹಾಡು ನಿಲ್ಲಿಸಿದೆ. "ಅದನ್ನ ಬಂದ್ ಮಾಡ್ರಿ," ಎಂದೆ.

ಯೂಟಾ ಪಿಸುದನಿಯಲ್ಲಿ ಹೇಳಿದ್ದನ್ನು ಪ್ರಾಜಕ್ತಾ ಮುಖ ಕೆಂಪು ಮಾಡಿಕೊಂಡು ತಿಳಿಸಿದಳು. "ಜನರಿಗೆ ನಿಮ್ಮ ಹಾಡು ತಿಳಿಯೂದಿಲ್ಲಂತ ಮಾವಶಿ. ಇದನ್ನ ನೋಡಿದ್ರ ನಿಮ್ಮ ಜೀವನ ತಿಳೀತೈತಂತ. ಭಾಳ ಸುಂದರ ಪ್ರಯೋಗ ಆಗೇತಿ ಅಂತಾರ."

"ಪ್ರಯೋಗ? ಅದು ನನ್ನ ಜೋಗ. ಆ ಮುದುಕಿ ಅತ್ತದ್ದು ಅಕೀ ಮನೀ ಬಾಗಲದಾಗ. ಅಕಿನ್ನ ಕೇಳಿದ್ರೇನ? ನನ್ನ ಕೇಳಿದ್ರೇನ?"

ಕೇಳಿರಲಿಲ್ಲ. ಚಿತ್ರ ಓಡುತ್ತಲೇ ಇತ್ತು. ನಾನು ಹಾಡಲು ಬಂದಿದ್ದೆ, ಹಾಡು ನನ್ನ ಕಸುಬು, ಅದನ್ನು ಯಾರ ಮುಂದೆ ಬೇಕಾದರೂ ಇಡುತ್ತೇನೆ. ಜೋಗ ಆಟವಲ್ಲ. ಅದೊಂದನ್ನು ತೆಗೆದರೆ ನನ್ನ ಹತ್ತಿರ ಉಳಿಯುವುದು ಜನ ನಗುವ ದೇಹ ಮಾತ್ರ. ಇಷ್ಟನ್ನು ಹೇಳುವಷ್ಟು ಭಾಷೆ ನನಗಿರಲಿಲ್ಲ. ಚೌಡಕಿಯನ್ನು ಬಾಳಪ್ಪನ ಕೈಗೆ ಕೊಟ್ಟು, ಜನರಿಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕುಳಿತೆ. ಮಾತಿಲ್ಲ, ಅಲುಗಾಟವಿಲ್ಲ. ಹತ್ತು ನಿಮಿಷ ಕಳೆದಿರಬೇಕು. ಹಿಂದಿನಿಂದ ಒಬ್ಬ ಚಪ್ಪಾಳೆ ಹೊಡೆದ. ಆಮೇಲೆ ಎಲ್ಲರೂ ಹೊಡೆದರು. ನನ್ನ ಮುನಿಸೂ ಆಟದ ಭಾಗವೆಂದು ತಿಳಿದಿದ್ದರು! ಎದ್ದು ನಿಂತು ಅಚ್ಚ ಹಾರೂಗೇರಿ ಕನ್ನಡದಲ್ಲಿ ಬೈದೆ. ಅದಕ್ಕೂ ಚಪ್ಪಾಳೆ.

ಬೇರೆ ದಾರಿ ತೋಚದೆ ಮೆಟ್ಟಿಲು ಹತ್ತಿ ಅಜ್ಜಿಯ ಬಾಗಿಲು ಬಡಿದೆ. ನನ್ನನ್ನು ಕಂಡು ಅವಳ ಮುಖ ಅರಳಿತು, ಮತ್ತೆ ಒಳಕ್ಕೆ ಎಳೆದಳು. ನಾನು ಅವಳ ಕೆನ್ನೆ ಮುಟ್ಟಿ ಕೆಳಗೆ ಬೆರಳು ತೋರಿಸಿದೆ. ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಬಂದೆ. ನೆಲಮಾಳಿಗೆಯ ಬಾಗಿಲಲ್ಲಿ ಅವಳು ನಿಂತಳು. ಎದುರಿಗೆ ಗೋಡೆಯ ಮೇಲೆ ತಾನೇ ಅಳುತ್ತಿದ್ದಾಳೆ. ಒಂದು ಗಳಿಗೆ ನೋಡಿದಳು. ಆಮೇಲೆ ಕೈ ಬಿಡಿಸಿಕೊಂಡು, ಉಣ್ಣೆಯ ಚಪ್ಪಲಿ ಎಳೆಯುತ್ತ, ಕುಳಿತವರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೋಗಿ, ಎಲ್ಲ ತಂತಿಗಳೂ ಸೇರಿದ್ದ ಗೋಡೆಯ ಪ್ಲಗ್ಗನ್ನು ಕಿತ್ತೆಸೆದಳು. ಚಿತ್ರದ ಜೊತೆ ದೀಪ, ಮೈಕು, ಫ್ರಿಜ್ಜು ಎಲ್ಲ ಸತ್ತವು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಅಜ್ಜಿ ಎರಡೇ ಮಾತು ಹೇಳಿದಳು. ಏನಂದಳೆಂದು ಪ್ರಾಜಕ್ತಾಳನ್ನು ಕೇಳಿದೆ. "ನಾಚಿಕೀ ಇಲ್ಲೇನು ನಿಮಗ, ಅಂದ್ರು," ಎಂದಳು.

ಮಿಲಾ ಒಂದು ಪೆಟ್ಟಿಗೆ ಬೋರಲು ಹಾಕಿ ಅಜ್ಜಿಯನ್ನು ಕೂರಿಸಿದಳು. ಮೆಟ್ಟಿಲಿನ ಕಡೆಯಿಂದ ಬರುತ್ತಿದ್ದ ಹಗಲಿನ ಬೆಳಕಿನಲ್ಲಿ ಒಂದು ತಾಸು ಹಾಡಿದೆ. ಯೂಟಾ ಆಮೇಲೆ ಬಂದು ಕ್ಷಮೆ ಕೇಳಿದಳು. ಅವಳು ಕೆಟ್ಟವಳಲ್ಲ. ಅತ್ತದ್ದೂ ನಿಜ. ಆದರೆ ಕ್ಷಮೆ ಕೇಳಿದ ಮರುಕ್ಷಣವೇ, ಅಜ್ಜಿ ಪ್ಲಗ್ ಕಿತ್ತದ್ದು ಎಂಥ ಅದ್ಭುತ ದೃಶ್ಯವೆಂದು ಹೊಗಳಲು ಶುರುಮಾಡಿದಳು. ಅಂಥವರಿಗೆ ಏನು ಹೇಳುವುದು?

ಅಥಣಿ

ನಾವು ಊರು ಮುಟ್ಟುವ ಮೊದಲೇ ಆ ಚಿತ್ರ ಮುಟ್ಟಿತ್ತು. ನೆಲಮಾಳಿಗೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದದ್ದು ಕೈಯಿಂದ ಕೈಗೆ ಬಂದು ರಾಯಬಾಗ, ಚಿಕ್ಕೋಡಿ, ಉಗಾರ ಎಲ್ಲ ಸುತ್ತಿತ್ತು. ಅಥಣಿಯಲ್ಲಿ ಒಂದು ಮಂಡಳಿಯವರು ಸನ್ಮಾನ ಇಟ್ಟುಕೊಂಡರು. ಬ್ಯಾನರಿನಲ್ಲಿ ಅಧ್ಯಕ್ಷರ ಮುಖ ಪರಾತದಷ್ಟು, ನನ್ನದು ಅಡಿಕೆಯಷ್ಟು. ಅದಕ್ಕೆ ಸಿಟ್ಟಿಲ್ಲ, ಅದು ರೂಢಿ. ಆದರೆ ವೇದಿಕೆ ಹತ್ತಿ ನೋಡಿದರೆ ನಡುವೆ ಕಟ್ಟಿಗೆಯ ಒಂದು ಬಾಗಿಲ ಚೌಕಟ್ಟು ನಿಲ್ಲಿಸಿದ್ದರು. ಬಣ್ಣ ಹೊಡೆದು, ಮಾವಿನ ತೋರಣ ಕಟ್ಟಿ, ರಂಗೋಲಿ ಕೂಡ ಹಾಕಿದ್ದರು.

"ಇದೇನ್ರಿ?"

"ಜರ್ಮನಿಯಾಗ ಮಾಡಿದ್ರಲ್ಲ, ಅದನ್ನ ಒಂದೀಟ ಮಾಡಿ ತೋರಸ್ರಿ," ಎಂದರು ಅಧ್ಯಕ್ಷರು. "ನಮ್ಮ ಮನಿಯವರು ಮುದುಕಿ ಆಗ್ತಾರ. ಅಳಾಕ ತಯಾರಿ ಮಾಡ್ಕೊಂಡಾರ."

ಅವರ ಮನೆಯವರು ರೇಷ್ಮೆ ಸೀರೆಯಲ್ಲಿ ಬಟ್ಟಲು ಹಿಡಿದು ನಿಂತೇ ಇದ್ದರು. ಬಾಳಪ್ಪ ನನ್ನ ಕಿವಿಯಲ್ಲಿ, "ಅಕ್ಕಾ, ಇಲ್ಲಿ ಕೀಳಾಕ ಪ್ಲಗ್ಗೂ ಇಲ್ಲ," ಎಂದ. ಅವರು ಹೊದಿಸಿದ ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಒಂದು ಹಾಡು ಹಾಡಿ ಇಳಿದುಬಂದೆ. ಸನ್ಮಾನದ ಊಟವನ್ನು ನಮ್ಮಿಬ್ಬರಿಗೆ ಹಿತ್ತಲಲ್ಲಿ, ನೀರಿನ ಟಾಕಿಯ ಪಕ್ಕ ಬಡಿಸಿದ್ದರು. ಬಾಳಪ್ಪ ಉಂಡ. ನಾನು ಉಣ್ಣದೆ ಎದ್ದೆ.

ಮತ್ತೆ ಹಾರೂಗೇರಿ

ಬಂದ ಮೇಲಿನ ಮೊದಲ ಮಂಗಳವಾರ ಪಡ್ಲಿಗಿ ಹಿಡಿದು ಹೊರಟೆ. ನಾಲ್ಕು ಮನೆ ಎಂದಿನಂತೆ ಆಯಿತು. ಐದನೆಯದು ಕಿರಾಣಿ ಅಂಗಡಿಯ ಗೌರಾ ವೈನಿಯ ಮನೆ. ಮುಂಜಾನೆ ಹಿಟ್ಟು ನಾದುವ ಕೈಯಲ್ಲೇ ಓಡಿಬಂದು ಜೋಳ ಹಾಕುವವಳು ಅವಳು. ಅವಳ ಇಬ್ಬರು ಮಕ್ಕಳ ಹಣೆಗೂ ತೊಟ್ಟಿಲಲ್ಲಿದ್ದಾಗ ಭಂಡಾರ ಹಚ್ಚಿದವಳು ನಾನು. "ಉಧೋ" ಎಂದೆ. ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ವೈನಿ ಹೊರಗೆ ಬಂದಳು. ಮುಡಿ ತುಂಬ ಹೂ, ಜರಿ ಸೀರೆ, ಒಂದು ಕೈಯಲ್ಲಿ ಮೊರದ ತುಂಬ ಜೋಳ, ಇನ್ನೊಂದು ಕೈಯಲ್ಲಿ ಫೋನು.

"ಕಸ್ತೂರವ್ವಾ, ಒಂದೀಟ ಹಿಂದಕ ಸರೀಬೇ, ಬಾಗಲಾ ಪೂರಾ ಬರವಲ್ತು."

"ವೈನಿ, ಫೋನ್ ಒಳಗ ಇಟ್ಟ ಬರ್ರಿ."

"ಏನಾಗತೈತ್ಬೇ? ಫಾರಿನ್‌ದವ್ರು ತಗದ್ರ ನಡೀತೈತಿ, ನಾವು ತಗದ್ರ ನಡಿಯೂದಿಲ್ಲ?"

"ಅವರು ತಗದದ್ದೂ ನಡದಿಲ್ರಿ. ಅಲ್ಲಿ ಜಗಳಾ ಮಾಡಿ ಬಂದೀನಿ. ನೀವು ಮೊದಲಿನಂಗ ಹಾಕ್ರಿ, ನಿಮಗ ಕೈ ಮುಗೀತೀನಿ."

ವೈನಿಯ ಮುಖ ಬಿಗಿಯಿತು. ಒಳಗೆ ಹೋದಳು. ಜೋಳ ಹಾಕಲಿಲ್ಲ, ಮುಂದಕ್ಕೆ ಹೋಗು ಎಂದೂ ಅನ್ನಲಿಲ್ಲ. ಕದಲುವಂತಿಲ್ಲವೆಂದು ಅವಳಿಗೂ ಗೊತ್ತು, ಓಣಿಗೆಲ್ಲ ಗೊತ್ತು. ಹಾಗೇ ನಿಂತೆ. ಬಿಸಿಲು ನೆತ್ತಿಗೆ ಬಂತು. ಎದುರು ಮನೆಯವರು ಕಟ್ಟೆಯ ಮೇಲೆ ಬಂದು ಕುಳಿತರು. ಕಾಲು ಸೋತು ಗೋಡೆಗೆ ಕೈಕೊಟ್ಟು ತಲೆಯೆತ್ತಿದಾಗ ಮಹಡಿಯ ಕಿಡಕಿ ಕಾಣಿಸಿತು. ಅಲ್ಲಿ ವೈನಿ ಫೋನು ಹಿಡಿದು ನಿಂತಿದ್ದಳು. ನಾನು ಬಿಸಿಲಲ್ಲಿ ನಿಂತದ್ದನ್ನೇ ಅಷ್ಟು ಹೊತ್ತೂ ತೆಗೆಯುತ್ತಿದ್ದಳು.

ಸೆರಗಿನಿಂದ ಪಡ್ಲಿಗಿ ಮುಚ್ಚಿದೆ. ಕೊಡದ, ಕಳಿಸದ ಬಾಗಿಲಿನಿಂದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನಾಗಿಯೇ ಕಾಲು ಕಿತ್ತೆ. ಹಿಂದಿನಿಂದ ವೈನಿ ಗಾಬರಿಯಾಗಿ ಕೂಗಿದಳು. "ನಿಂದರ್ಬೇ ಕಸ್ತೂರವ್ವಾ, ಹಾಕತೀನಿ, ಹಂಗ ಹೋಗಬ್ಯಾಡಾ!" ಮೆಟ್ಟಿಲು ದಡದಡನೆ ಇಳಿದ ಸದ್ದೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ಆ ಮಂಗಳವಾರ ನನ್ನ ಮನೆಯಲ್ಲಿ ಒಲೆ ಹಚ್ಚಲಿಲ್ಲ.